ರೂಮಿಯ ಬಯಲು, ಬಾರ್ಕ್ಸ್ ಅವರ ಹುಲ್ಲು

ಸರಿ-ತಪ್ಪುಗಳ ಆಚೆ ಒಂದು ಜಾಗ ಇದೆ, ಅಲ್ಲಿ ಸಿಗೋಣ. ಈ ಅರ್ಥದ ಸಾಲನ್ನು ನೀವು ಎಲ್ಲಾದರೂ ಓದೇ ಇರುತ್ತೀರಿ. ವಾಟ್ಸಾಪ್ ಸ್ಟೇಟಸ್ಸಿನಲ್ಲಿ, ಸೂರ್ಯ ಮುಳುಗುವ ಫೋಟೋದ ಮೇಲೆ, ಕಾಫಿ ಮಗ್ಗಿನ ಮೇಲೆ. ಕೆಳಗೆ ‘ರೂಮಿ’ ಅಂತ ಹೆಸರಿರುತ್ತದೆ. ಅದರ ಬೆನ್ನಿಗೇ ಇನ್ನೊಂದು ಸುದ್ದಿಯೂ ಬರುತ್ತದೆ: ಇದು ರೂಮಿಯ ಮಾತಲ್ಲ, ಅಮೆರಿಕದ ಕವಿ ಕೋಲ್ಮನ್ ಬಾರ್ಕ್ಸ್ ಅವರದು, ಅವರಿಗೆ ಪರ್ಷಿಯನ್ ಬರುತ್ತಲೇ ಇರಲಿಲ್ಲ.

ಈ ಜಗಳ ದೊಡ್ಡದಾಗಿ ಸುದ್ದಿಯಾದದ್ದು 2017ರ ಜನವರಿಯಲ್ಲಿ. ‘ನ್ಯೂಯಾರ್ಕರ್’ನಲ್ಲಿ ರೊಜಿನಾ ಅಲಿ ಬರೆದ ಲೇಖನವೊಂದು ರೂಮಿಯ ಕಾವ್ಯದಿಂದ ಇಸ್ಲಾಮನ್ನು ಅಳಿಸಿಹಾಕಲಾಗಿದೆ ಎಂದಿತು. 2020ರಲ್ಲಿ ಇಸ್ಲಾಮಿಕ್ ಅಧ್ಯಯನದ ವಿದ್ವಾಂಸ ಓಮಿದ್ ಸಫಿ ಇನ್ನೂ ಮುಂದೆ ಹೋದರು. ಪರ್ಷಿಯನ್ನಿನ ಇನ್ನೊಬ್ಬ ಕವಿ ಹಫೀಜನ ಹೆಸರಲ್ಲಿ ಇಂಟರ್ನೆಟ್ಟಿನಲ್ಲಿ ಓಡಾಡುವ ಕವಿತೆಗಳಲ್ಲಿ ಹೆಚ್ಚಿನವು ಹಫೀಜ್ ಬರೆದವೇ ಅಲ್ಲ ಎಂದರು. ಅಲ್ಲಿಂದ ಈಚೆಗೆ ಇದು ಆರೇಳು ತಿಂಗಳಿಗೊಮ್ಮೆ ತಲೆ ಎತ್ತುತ್ತಲೇ ಇದೆ. ಓದುಗರಿಗೆ ಸಹಜವಾಗಿಯೇ ಗೊಂದಲ. ಇಷ್ಟು ದಿನ ನಾವು ಓದಿದ್ದು ಯಾರನ್ನು?

ಉತ್ತರ ಒಂದೇ ಮಾತಿನಲ್ಲಿ ಮುಗಿಯುವಂಥದ್ದಲ್ಲ. ಕೆಲವು ಸಾಲುಗಳು ರೂಮಿಯವೇ, ಬಟ್ಟೆ ಮಾತ್ರ ಬದಲಾಗಿದೆ. ಕೆಲವು ಬೇರೆ ಕವಿಗಳವು. ಕೆಲವಕ್ಕೆ ಮೂಲವೇ ಇಲ್ಲ. ಈ ಮೂರನ್ನೂ ಒಂದೇ ಚೀಲಕ್ಕೆ ತುಂಬಿದ್ದರಿಂದ ಗಲಿಬಿಲಿ ಜಾಸ್ತಿಯಾಗಿದೆ.

ಬೋಧಕರ ಮನೆಯ ಹುಡುಗ

ಜಲಾಲುದ್ದೀನ್ ರೂಮಿ ಹುಟ್ಟಿದ್ದು 1207ರಲ್ಲಿ, ಬಲ್ಖ್ ಸೀಮೆಯಲ್ಲಿ. ಬಾಳಿದ್ದು, 1273ರಲ್ಲಿ ತೀರಿಕೊಂಡದ್ದು ಈಗಿನ ಟರ್ಕಿಯ ಕೊನ್ಯಾದಲ್ಲಿ. ತಂದೆ ಧರ್ಮಬೋಧಕರು. ಮಗನೂ ಅದೇ ದಾರಿ ಹಿಡಿದ. ಮದರಸಾದಲ್ಲಿ ಪಾಠ, ಮಸೀದಿಯಲ್ಲಿ ಪ್ರವಚನ, ಜನ ಕೇಳುವ ಧರ್ಮಪ್ರಶ್ನೆಗಳಿಗೆ ಉತ್ತರ. 1244ರಲ್ಲಿ ಶಮ್ಸ್ ತಬ್ರೀಜಿ ಎಂಬ ಅಲೆಮಾರಿ ಸಿಕ್ಕಿದ ಮೇಲೆ ಈ ಪಂಡಿತ ಕವಿಯಾದ. ಶಮ್ಸ್ ಕಾಣೆಯಾದಾಗ ಹುಟ್ಟಿದ ವಿರಹವೇ ‘ದಿವಾನ್-ಎ-ಶಮ್ಸ್’ ಎಂಬ ಸಂಗ್ರಹದ ಹಾಡುಗಳು. ಕೊನೆಯ ವರ್ಷಗಳಲ್ಲಿ ಹೇಳಿ ಬರೆಸಿದ್ದು ‘ಮಸ್ನವಿ’. ಆರು ಸಂಪುಟ, ಸುಮಾರು 25 ಸಾವಿರ ದ್ವಿಪದಿ.

ಕವಿಯಾದ ಮೇಲೆ ಆತ ಧರ್ಮ ಬಿಟ್ಟ ಅಂತೇನಿಲ್ಲ. ಮಸ್ನವಿ ತನ್ನ ಮುನ್ನುಡಿಯಲ್ಲೇ ತನ್ನನ್ನು ‘ದೀನಿನ (ಧರ್ಮದ) ಬೇರಿನ ಬೇರಿನ ಬೇರು’ ಎಂದು ಕರೆದುಕೊಳ್ಳುತ್ತದೆ. ಕುರಾನಿನ ಮಾತು, ಪ್ರವಾದಿಯ ನುಡಿ ಅಲ್ಲಿ ಹೆಜ್ಜೆ ಹೆಜ್ಜೆಗೂ ಬರುತ್ತವೆ. ಹಾಗಂತ ಅದು ಬರೀ ಉಪದೇಶದ ಪುಸ್ತಕವೂ ಅಲ್ಲ. ಕಳ್ಳರು, ಕತ್ತೆಗಳು, ಹೊಟ್ಟೆಬಾಕರು, ಪೋಲಿ ಕಥೆಗಳು ಎಲ್ಲ ಇವೆ. ಕೇಂಬ್ರಿಡ್ಜಿನ ಆರ್.ಎ. ನಿಕಲ್ಸನ್ 1925ರಿಂದ 1940ರವರೆಗೆ ಮೂಲ, ಅನುವಾದ, ಟಿಪ್ಪಣಿ ಸೇರಿಸಿ ಎಂಟು ಸಂಪುಟಗಳಲ್ಲಿ ಮಸ್ನವಿಯನ್ನು ತಂದರು. ಪೋಲಿ ಜಾಗ ಬಂದಾಗಲೆಲ್ಲ ಇಂಗ್ಲಿಷ್ ಬಿಟ್ಟು ಲ್ಯಾಟಿನ್‌ಗೆ ಜಿಗಿದರು! ಲ್ಯಾಟಿನ್ ಕಲಿತವರು ಮಾತ್ರ ಕೆಟ್ಟುಹೋದರೆ ಸಾಕು ಅಂತಿರಬೇಕು. ಮುಚ್ಚಿಡುವುದು ಅಮೆರಿಕದಲ್ಲಿ ಶುರುವಾದದ್ದಲ್ಲ ಅನ್ನೋದಕ್ಕೆ ಇಷ್ಟು ಸಾಕು. ಒಬ್ಬರು ಲೈಂಗಿಕತೆಯನ್ನು ಮುಚ್ಚಿದರು, ಇನ್ನೊಬ್ಬರು ಧರ್ಮವನ್ನು.

ಪಂಜರದಿಂದ ಬಿಡಿಸುವ ಕೆಲಸ

ಆ ಇನ್ನೊಬ್ಬರು ಕೋಲ್ಮನ್ ಬಾರ್ಕ್ಸ್. 1937ರಲ್ಲಿ ಟೆನೆಸಿಯಲ್ಲಿ ಹುಟ್ಟಿದವರು, ಜಾರ್ಜಿಯಾ ವಿಶ್ವವಿದ್ಯಾಲಯದಲ್ಲಿ ಕಾವ್ಯ ಕಲಿಸುತ್ತಿದ್ದವರು, ಸ್ವತಃ ಕವಿ. 1976ರಲ್ಲಿ ಕವಿ ರಾಬರ್ಟ್ ಬ್ಲೈ ಬಾರ್ಕ್ಸ್ ಕೈಗೆ ಎ.ಜೆ. ಆರ್ಬೆರಿ ಮಾಡಿದ ರೂಮಿಯ ವಿದ್ವತ್ ಅನುವಾದವನ್ನು ಕೊಟ್ಟು, ಈ ಕವಿತೆಗಳನ್ನು ಪಂಜರದಿಂದ ಬಿಡಿಸಬೇಕು ಎಂದರು. ಆರ್ಬೆರಿಯ ಇಂಗ್ಲಿಷ್ ನಿಖರವಾದದ್ದು, ಆದರೆ ಒಣಕಲು. ಬಾರ್ಕ್ಸ್ ಅದನ್ನು ಮುಂದಿಟ್ಟುಕೊಂಡು ಅಮೆರಿಕದ ಮುಕ್ತಛಂದಕ್ಕೆ ತಿರುಗಿಸತೊಡಗಿದರು. ಮುಂದೆ ಭಾಷಾವಿಜ್ಞಾನಿ ಜಾನ್ ಮೊಯ್ನ್ ಪರ್ಷಿಯನ್‌ನಿಂದ ಪದಕ್ಕೆ ಪದ ಅರ್ಥ ಹಾಕಿ ಕೊಡುತ್ತಿದ್ದರು. ಬಾರ್ಕ್ಸ್ ಅದನ್ನು ಕವಿತೆ ಮಾಡುತ್ತಿದ್ದರು.

ನಮಗೆ ಕುತೂಹಲ ಹುಟ್ಟಿಸುವ ಸಂಗತಿ ಇನ್ನೊಂದಿದೆ. ಬಾರ್ಕ್ಸ್ ಗುರು ಅಂತ ಒಪ್ಪಿಕೊಂಡದ್ದು ಬಾವಾ ಮುಹಯ್ಯದ್ದೀನ್ ಎಂಬ ಸೂಫಿಯನ್ನು. ಅವರು ಶ್ರೀಲಂಕಾದವರು, 1971ರಲ್ಲಿ ಫಿಲಡೆಲ್ಫಿಯಾಕ್ಕೆ ಹೋದವರು, ಬೋಧನೆ ಮಾಡುತ್ತಿದ್ದದ್ದು ತಮಿಳಿನಲ್ಲಿ. ಅಂದರೆ ಪರ್ಷಿಯನ್ ಕವಿಯೊಬ್ಬ ಅಮೆರಿಕನ್ ಇಂಗ್ಲಿಷಿಗೆ ಹೋದ ದಾರಿಯಲ್ಲಿ ಒಂದು ತಮಿಳು ನಿಲ್ದಾಣವೂ ಇದೆ.

1984ರಲ್ಲಿ ‘ಓಪನ್ ಸೀಕ್ರೆಟ್’, 1995ರಲ್ಲಿ ‘ದಿ ಎಸೆನ್ಷಿಯಲ್ ರೂಮಿ’ ಬಂದವು. ಎರಡನೆಯದು ಲಕ್ಷಗಟ್ಟಲೆ ಮಾರಾಟವಾಯಿತು. 1997ರ ಹೊತ್ತಿಗೆ, ಅಮೆರಿಕದಲ್ಲಿ ಅತಿ ಹೆಚ್ಚು ಮಾರಾಟವಾಗುವ ಕವಿ ಹದಿಮೂರನೇ ಶತಮಾನದ ಈ ಮುಸ್ಲಿಂ ಪಂಡಿತ ಎಂದು ಪತ್ರಿಕೆಗಳು ಬರೆದವು. ಕೋಲ್ಡ್‌ಪ್ಲೇ ಎಂಬ ಬ್ಯಾಂಡಿನ 2015ರ ಆಲ್ಬಮ್ಮಿನಲ್ಲಿ ಬಾರ್ಕ್ಸ್ ಅವರ ದನಿಯಲ್ಲೇ ಒಂದು ಕವಿತೆ ಇದೆ.

ಮೂರು ಪದಗಳ ಕಥೆ

ಏನು ಬದಲಾಯಿತು ಅನ್ನೋದನ್ನು ದೂರದಿಂದ ಹೇಳಿದರೆ ಪ್ರಯೋಜನವಿಲ್ಲ. ಹತ್ತಿರ ಹೋಗಿ ನೋಡಬೇಕು.

ಆ ಆಲ್ಬಮ್ಮಿನಲ್ಲಿರುವ ಕವಿತೆಯ ಹೆಸರು ‘ಅತಿಥಿಗೃಹ’. ಮನುಷ್ಯನಾಗಿರುವುದೆಂದರೆ ಒಂದು ಅತಿಥಿಗೃಹ, ದಿನಾ ಬೆಳಗ್ಗೆ ಹೊಸಬರು ಬರುತ್ತಾರೆ ಎನ್ನುತ್ತದೆ ಬಾರ್ಕ್ಸ್ ಪಠ್ಯ. ಖಿನ್ನತೆಗೆ ಕೊಡುವ ಮೈಂಡ್‌ಫುಲ್‌ನೆಸ್ ಚಿಕಿತ್ಸೆಯ ತರಗತಿಗಳಲ್ಲಿ ಇದನ್ನು ಓದಿಸುತ್ತಾರೆ. ಪುಸ್ತಕದಂಗಡಿಗೆ ಕಾಲಿಡದವರಿಗೂ ಇದು ಗೊತ್ತಿರಲು ಅದೇ ಕಾರಣ. ಮೂಲ ಮಸ್ನವಿಯ ಐದನೇ ಸಂಪುಟದಲ್ಲಿದೆ: ‘ಈ ಮೈ, ಎಲೈ ಯುವಕ, ಅತಿಥಿಗೃಹ, ಪ್ರತಿ ಮುಂಜಾನೆ ಹೊಸ ಅತಿಥಿ ಓಡಿ ಬರುತ್ತಾನೆ’. ರೂಮಿ ಹೇಳಿದ್ದು ಮೈ. ಬಾರ್ಕ್ಸ್ ಹೇಳಿದ್ದು ಮನುಷ್ಯತನ. ಬದಲಾವಣೆ ಸಣ್ಣದು, ಕೆಟ್ಟದ್ದೂ ಅಲ್ಲ. ಆದರೆ ದೇಹವೇ ದೇಗುಲ ಎಂಬ ಮಾತು ಕೇಳಿ ಬೆಳೆದ ಕನ್ನಡದ ಕಿವಿಗೆ ‘ಮೈ’ ಅನ್ನೋದೇ ಹೆಚ್ಚು ಹತ್ತಿರ ಅಲ್ವಾ?

ಎರಡನೆಯದು ಅಷ್ಟು ಸಣ್ಣದಲ್ಲ. ದಿವಾನಿನ ಒಂದು ಗಜಲ್ಲಿನ ಪ್ರತಿ ದ್ವಿಪದಿಯೂ ‘ಹಮ್ಚುನೀನ್’, ಅಂದರೆ ‘ಹೀಗೇ’ ಎಂದು ಮುಗಿಯುತ್ತದೆ. ಮೊದಲ ಸಾಲು: ಹೂರಿಯರು ಹೇಗಿರುತ್ತಾರೆಂದು ಯಾರಾದರೂ ಕೇಳಿದರೆ ನಿನ್ನ ಮುಖ ತೋರಿಸು, ಹೀಗೇ ಎನ್ನು. ಹೂರಿಯರೆಂದರೆ ಇಸ್ಲಾಮಿನ ಸ್ವರ್ಗದ ಚೆಲುವೆಯರು. ಕುರಾನ್ ಭರವಸೆ ಕೊಡುವ ಸ್ವರ್ಗವನ್ನು ಎದುರಿಗಿರುವ ಒಂದು ಮುಖಕ್ಕೆ ಹೋಲಿಸುವ ತುಂಟತನ ಅದು. ಬಾರ್ಕ್ಸ್ ಅವರಲ್ಲಿ ಹೂರಿಯರು ಮಾಯ. ಅವರ ಜಾಗದಲ್ಲಿ ನಮ್ಮೆಲ್ಲ ಲೈಂಗಿಕ ಬಯಕೆಯ ಪೂರ್ಣ ತೃಪ್ತಿ ಬಂದು ಕೂತಿದೆ. ಇಲ್ಲಿ ಕಳೆದುಹೋದದ್ದು ಧರ್ಮವೊಂದೇ ಅಲ್ಲ, ತಮಾಷೆಯೂ ಹೋಯಿತು. ಸ್ವರ್ಗ ಗೊತ್ತಿದ್ದವನಿಗೆ ಮಾತ್ರ ಆ ತುಂಟತನ ಹೊಳೆಯುತ್ತದೆ.

ಮೂರನೆಯದೇ ಆರಂಭದಲ್ಲಿ ಹೇಳಿದ ಸಾಲು. ಅದು ನಾಲ್ಕು ಸಾಲಿನ ರುಬಾಯಿ. ‘ಅಜ್ ಕುಫ್ರ್ ಓ ಜೆ ಇಸ್ಲಾಂ ಬುರೂಂ ಸಹರಾಯೀಸ್ತ್’ ಎಂದು ಶುರುವಾಗುತ್ತದೆ. ಕುಫ್ರ್ ಮತ್ತು ಇಸ್ಲಾಮಿನ ಆಚೆ ಒಂದು ಸಹರಾ, ಅಂದರೆ ಮರಳುಗಾಡಿನಂಥ ತೆರೆದ ಜಾಗ, ಇದೆ ಎಂದರ್ಥ. ಕುಫ್ರ್ ಅಂದರೆ ಅಲ್ಲಾನನ್ನು ನಂಬದಿರುವುದು. ಬಾರ್ಕ್ಸ್ ‘ಕುಫ್ರ್, ಇಸ್ಲಾಂ’ ತೆಗೆದು ‘ತಪ್ಪು ಮಾಡುವುದು, ಸರಿ ಮಾಡುವುದು’ ಎಂಬ ಕಲ್ಪನೆಗಳನ್ನು ತಂದರು. ಸಹರಾ ತೆಗೆದು ಹೊಲ ತಂದರು, ಅದರಲ್ಲಿ ಹುಲ್ಲನ್ನೂ ಬೆಳೆಸಿದರು. ಮೂಲದಲ್ಲಿ ಹುಲ್ಲಿನ ಒಂದು ಎಸಳೂ ಇಲ್ಲ.

ಇಲ್ಲಿ ವಿಚಿತ್ರ ನೋಡಿ. ಇಸ್ಲಾಮನ್ನು ಅಳಿಸಿದ್ದರಿಂದ ಕವಿತೆ ಹೆಚ್ಚು ಧೈರ್ಯದ್ದಾಯಿತೇ? ಇಲ್ಲ, ಸಪ್ಪೆಯಾಯಿತು. ಸರಿ-ತಪ್ಪಿನ ಆಚೆ ಹೋಗೋಣ ಅಂತ ಕಾಫಿ ಅಂಗಡಿಯಲ್ಲಿ ಕೂತು ಯಾರು ಬೇಕಾದರೂ ಹೇಳಬಹುದು. ಮಸೀದಿಯಲ್ಲಿ ಪ್ರವಚನ ಮಾಡುವವನೇ ‘ಇಸ್ಲಾಮಿನ ಆಚೆ’ ಎಂದರೆ ಅದರ ತೂಕ ಬೇರೆ. ಒಳಗಿದ್ದವನು ಗಡಿ ದಾಟುವ ಮಾತದು. ಗಡಿಯನ್ನೇ ಅಳಿಸಿಬಿಟ್ಟರೆ ದಾಟಿದ್ದೇನು?

ನ್ಯಾಯವಾಗಿ ಇನ್ನೊಂದು ಮಾತನ್ನೂ ಹೇಳಬೇಕು. ಬಾರ್ಕ್ಸ್ ಎಲ್ಲ ಕಡೆ ಹೀಗೆ ಮಾಡಿದವರಲ್ಲ. ಮಸ್ನವಿಯ ಕಥೆಗಳನ್ನು ತರುವಾಗ ಮಹಮ್ಮದ್, ಮೂಸಾ, ಯೂಸುಫ್ ಎಲ್ಲರೂ ಬಾರ್ಕ್ಸ್ ಪುಟಗಳಲ್ಲೂ ಬರುತ್ತಾರೆ. ನಿಕಲ್ಸನ್ ಲ್ಯಾಟಿನ್‌ನಲ್ಲಿ ಬಚ್ಚಿಟ್ಟ ಪೋಲಿ ಕಥೆಗಳನ್ನು ಧೈರ್ಯವಾಗಿ ಇಂಗ್ಲಿಷಿಗೆ ತಂದವರೂ ಅವರೇ. ಇಸ್ಲಾಂ ಕಡಿಮೆಯಾಗಿರುವುದು ಬಿಡಿ ಬಿಡಿ ಚುಟುಕು ಕವಿತೆಗಳಲ್ಲಿ. ಸ್ಟೇಟಸ್ಸಿಗೆ ಹೊಂದುವುದೂ ಅವೇ.

ಇದು ಯಾಕೆ ಹೀಗಾಯಿತು

ಒಬ್ಬ ಕವಿಯ ಸ್ವಭಾವ ಅಂತ ಇದನ್ನು ಬಿಡಲಾಗದು. ಇದರ ಹಿಂದೆ ಪಶ್ಚಿಮದ ಸಾಹಿತ್ಯದಲ್ಲಿ ಇನ್ನೂರು ವರ್ಷದ ದಾರಿ ಇದೆ.

ಹಫೀಜ್‌ನನ್ನು ಹಾಮರ್ ಎಂಬ ಆಸ್ಟ್ರಿಯನ್ ವಿದ್ವಾಂಸ 1812-13ರಲ್ಲಿ ಜರ್ಮನ್‌ಗೆ ತಂದ. ಅದನ್ನು ಓದಿ ಜರ್ಮನ್ ಕವಿ ಗಯಟೆ 1819ರಲ್ಲಿ ತನ್ನದೇ ‘ದಿವಾನ್’ ಬರೆದ. ಅದೇ ಜರ್ಮನ್ ಅನುವಾದ ಅಮೆರಿಕದ ಲೇಖಕ ಎಮರ್ಸನ್ ಕೈಗೆ ಸಿಕ್ಕಿತು, ಅವನು ಜರ್ಮನ್‌ನಿಂದ ಇಂಗ್ಲಿಷಿಗೆ ತಿರುಗಿಸಿದ. ಚರ್ಚು, ಪಾದ್ರಿ, ವಿಧಿಗಳ ಬಗ್ಗೆ ಬೇಸತ್ತಿದ್ದ ಎಮರ್ಸನ್‌ಗೆ ಬೇಕಾಗಿದ್ದದ್ದು ಯಾವ ಮಧ್ಯವರ್ತಿಯೂ ಇಲ್ಲದ ಆತ್ಮದ ಮಾತು. ಪರ್ಷಿಯಾದ ಕವಿ ಆ ಬಾಯಾರಿಕೆಗೆ ನೀರಾದ. ಸಾಲು ಉದ್ದಕ್ಕೆ ಹರಿಯಬಿಟ್ಟು ಜಗತ್ತನ್ನೆಲ್ಲ ತಬ್ಬಿಕೊಳ್ಳುವ ಅಮೆರಿಕದ ಕವಿ ವಿಟ್ಮನ್‌ನ ದನಿ ಆಮೇಲೆ ಬಂತು. ಬಾರ್ಕ್ಸ್ ಅವರ ರೂಮಿ ಮಾತಾಡುವುದು ಬಹುಮಟ್ಟಿಗೆ ಆ ದನಿಯಲ್ಲಿ.

ಇಂಗ್ಲೆಂಡಿನ ಎಡ್ವರ್ಡ್ ಫಿಟ್ಸ್‌ಜೆರಾಲ್ಡ್ 1859ರಲ್ಲಿ ಪರ್ಷಿಯನ್ ಕವಿ ಉಮರ್ ಖಯ್ಯಾಮನನ್ನು ಇಂಗ್ಲಿಷಿಗೆ ತಂದ. ಪರ್ಷಿಯನ್ ಬಲ್ಲವನೇ. ಆದರೂ ಈ ಪರ್ಷಿಯನ್ನರ ಜೊತೆ ಮನಬಂದಷ್ಟು ಸಲಿಗೆ ತೆಗೆದುಕೊಳ್ಳುವುದು ನನಗೆ ಖುಷಿ ಅಂತ ಗೆಳೆಯ ಕೊವೆಲ್‌ಗೆ ಬರೆದ. ಹೊಟ್ಟು ತುಂಬಿದ ಹದ್ದಿಗಿಂತ ಜೀವಂತ ಗುಬ್ಬಚ್ಚಿ ಮೇಲು ಎಂದೂ ಬರೆದ. ಈ ಗುಬ್ಬಚ್ಚಿಯ ಮಾತೇ ಇವತ್ತಿಗೂ ಬಾರ್ಕ್ಸ್ ಪರ ವಾದಿಸುವವರ ಮುಖ್ಯ ಅಸ್ತ್ರ. ನಮ್ಮ ಡಿ.ವಿ.ಜಿ. ಅವರ ‘ಉಮರನ ಒಸಗೆ’ ಹುಟ್ಟಿದ್ದೂ ಈ ಗುಬ್ಬಚ್ಚಿಯಿಂದಲೇ.

ಇಪ್ಪತ್ತನೇ ಶತಮಾನದ ಮೊದಲಲ್ಲಿ ಈ ಅಭಿರುಚಿಗೆ ಸಿದ್ಧಾಂತವೂ ಸಿಕ್ಕಿತು. ವಿಲಿಯಂ ಜೇಮ್ಸ್ 1902ರಲ್ಲಿ ಧಾರ್ಮಿಕ ಅನುಭವದ ಬಗ್ಗೆ, ಎವೆಲಿನ್ ಅಂಡರ್‌ಹಿಲ್ 1911ರಲ್ಲಿ ಅನುಭಾವದ ಬಗ್ಗೆ ದೊಡ್ಡ ಪುಸ್ತಕಗಳನ್ನು ಬರೆದರು. ಅವುಗಳನ್ನು ಓದಿ ಬೆಳೆದವರಲ್ಲಿ ಒಂದು ನಂಬಿಕೆ ಗಟ್ಟಿಯಾಯಿತು: ಅನುಭಾವ ಒಬ್ಬನ ಒಳಗಿನ ಅನುಭವ, ಅದು ಎಲ್ಲ ಧರ್ಮಗಳಲ್ಲೂ ಒಂದೇ, ವಿಧಿ-ಶಾಸ್ತ್ರ-ಸಮುದಾಯ ಎಲ್ಲ ಹೊರಗಿನ ಸಿಪ್ಪೆ. ಹೀಗೆ ನಂಬಿದ ಅನುವಾದಕ ಏನು ಮಾಡುತ್ತಾನೆ? ಸಿಪ್ಪೆ ಸುಲಿದು ಹಣ್ಣು ಕೊಡುತ್ತೇನೆ ಅಂದುಕೊಳ್ಳುತ್ತಾನೆ. ನಮಾಜು, ಹೂರಿ, ಕುಫ್ರ್ ಎಲ್ಲ ಸಿಪ್ಪೆ ಆಗುತ್ತವೆ. ಮೋಸ ಮಾಡುವ ಉದ್ದೇಶವೇ ಬೇಕಿಲ್ಲ. ಪ್ರಾಮಾಣಿಕವಾಗಿಯೇ ಇದು ನಡೆಯುತ್ತದೆ.

ಇದಕ್ಕೆ ಒಳ್ಳೆಯ ಉದಾಹರಣೆ ನಮ್ಮ ದೇಶದ ಕಬೀರನೇ. ಕ್ಷಿತಿಮೋಹನ ಸೇನರು 1910ರ ಸುಮಾರಿಗೆ ಸಾಧುಗಳ ಬಾಯಿಂದ ಕೇಳಿದ, ಅಲ್ಲಲ್ಲಿ ಬರೆದಿಟ್ಟ ಪದಗಳನ್ನು ಕೂಡಿಸಿ ಬಂಗಾಳಿ ಅರ್ಥದೊಂದಿಗೆ ಪ್ರಕಟಿಸಿದರು. ಅವುಗಳಲ್ಲಿ ನೂರನ್ನು ಆರಿಸಿ ಟಾಗೋರರು ಇಂಗ್ಲಿಷಿಗೆ ತಂದರು, ಜೊತೆಯಾದದ್ದು ಅದೇ ಎವೆಲಿನ್ ಅಂಡರ್‌ಹಿಲ್. ಆಮೇಲೆ ರಾಬರ್ಟ್ ಬ್ಲೈ ಟಾಗೋರರ ಇಂಗ್ಲಿಷನ್ನು ಅಮೆರಿಕದ ಆಡುಮಾತಿಗೆ ತಿರುಗಿಸಿ 1977ರಲ್ಲಿ ‘ಕಬೀರ್ ಬುಕ್’ ತಂದರು. ಸೇನರ ಸಂಗ್ರಹದ ಬಹಳಷ್ಟು ಪದಗಳು ಹಳೆಯ ಹಸ್ತಪ್ರತಿಗಳಲ್ಲಿ ಸಿಗುವುದಿಲ್ಲ. ಜಾತಿ ಕೇಳಿದವರ ಮುಖಕ್ಕೆ ಹೊಡೆದಂತೆ ಮಾತಾಡುವ ನೇಕಾರ ಈ ಮೂರು ಕೈ ದಾಟುವಷ್ಟರಲ್ಲಿ ತಣ್ಣಗೆ ಧ್ಯಾನಕ್ಕೆ ಕೂತ ಸಂತನಾಗಿಬಿಟ್ಟ. ಬಾರ್ಕ್ಸ್ ಕೈಗೆ ಆರ್ಬೆರಿಯನ್ನು ಕೊಟ್ಟವರು ಯಾರು ಅಂತ ನೆನಪಿದೆಯಲ್ಲ? ಇದೇ ಬ್ಲೈ.

ಹಫೀಜನ ವಿಷಯ ಬೇರೆ

ಬಾರ್ಕ್ಸ್ ಅವರನ್ನೂ ಡೇನಿಯಲ್ ಲಡಿನ್‌ಸ್ಕಿ ಅವರನ್ನೂ ಒಂದೇ ತಕ್ಕಡಿಯಲ್ಲಿ ಇಡುವುದು ತಪ್ಪು. ಲಡಿನ್‌ಸ್ಕಿ ಅಹ್ಮದ್‌ನಗರದ ಬಳಿಯ ಮೆಹರ್ ಬಾಬಾ ಆಶ್ರಮದ ಬಳಗದಲ್ಲಿ ವರ್ಷಗಟ್ಟಲೆ ಇದ್ದವರು. ಅವರ ‘ದಿ ಗಿಫ್ಟ್’ 1999ರಲ್ಲಿ ಪೆಂಗ್ವಿನ್‌ನಿಂದ ಬಂತು, ಹಫೀಜನ ಕವಿತೆಗಳು ಎಂಬ ಹೆಸರಿನಲ್ಲಿ. ಅವರೇ ಹೇಳಿಕೊಂಡ ಪ್ರಕಾರ ಹಫೀಜ್ ಕನಸಿನಲ್ಲಿ ಬಂದು ನೂರಾರು ಸಾಲು ಹಾಡಿದ. ಅದೂ ಇಂಗ್ಲಿಷಿನಲ್ಲಿ!

ಇಷ್ಟೆಲ್ಲ ಆದ ಮೇಲೂ ಸೂರ್ಯ ಭೂಮಿಗೆ ನೀನು ನನಗೆ ಸಾಲ ಬಾಕಿ ಅನ್ನುವುದಿಲ್ಲ ಎಂಬ ಪ್ರಸಿದ್ಧ ಮಾತು ಈ ಬಗೆಯದು. ಹಫೀಜ್ ಶಿರಾಜಿನವ, ಹದಿನಾಲ್ಕನೇ ಶತಮಾನದವ. ಅವನ ದಿವಾನ್ ಇರಾನಿನ ಮನೆಮನೆಯಲ್ಲಿದೆ. ಹಬ್ಬದ ದಿನ ಕಣ್ಣು ಮುಚ್ಚಿ ಪುಟ ತೆರೆದು ಶಕುನ ನೋಡುತ್ತಾರೆ. ಆ ದಿವಾನಿನಲ್ಲಿ ಎಷ್ಟು ಹುಡುಕಿದರೂ ಸೂರ್ಯನ ಈ ಮಾತು ಸಿಗುವುದಿಲ್ಲ. 2009ರಲ್ಲಿ ಕೆನಡಾದ ಒಂಟಾರಿಯೊ ಪ್ರಾಂತ್ಯದ ಪ್ರೀಮಿಯರ್ ಡಾಲ್ಟನ್ ಮೆಕ್‌ಗಿಂಟಿ ಇರಾನಿಯನ್ನರ ಹೊಸವರ್ಷವಾದ ನೌರೂಜ್ ಕಾರ್ಯಕ್ರಮದಲ್ಲಿ ಗೌರವದಿಂದ ಹಫೀಜನ ಕವಿತೆ ಓದಿದರು. ಅದು ಲಡಿನ್‌ಸ್ಕಿಯದು, ಮೂಲವೇ ಇಲ್ಲದ್ದು ಎಂದು ಆಮೇಲೆ ತಿಳಿಯಿತು. ಯುಗಾದಿಗೆ ಬಂದ ಅತಿಥಿ ಬಸವಣ್ಣನದ್ದೆಂದು ಯಾರೂ ಕೇಳದ ವಚನ ಓದಿದರೆ ಸಭೆಗೆ ಹೇಗಾದೀತು, ಹಾಗೆ.

ಬಾರ್ಕ್ಸ್ ಸಾಲಿಗೆ ಬೆರಳಿಟ್ಟು ಮೂಲ ತೋರಿಸಬಹುದು. ಇಲ್ಲಿ ಅದು ಆಗುವುದಿಲ್ಲ. ಇನ್ನು ಮೂರನೇ ಬಗೆಯ ಗೊಂದಲ ಪರ್ಷಿಯನ್ ಒಳಗೇ ಹುಟ್ಟಿದ್ದು. ‘ಬಾ, ಬಾ, ನೀನು ಯಾರೇ ಆಗಿರು’ ಎಂಬ ರುಬಾಯಿ ಕೊನ್ಯಾದಲ್ಲಿ ಪ್ರವಾಸಿಗರಿಗೆ ಮಾರುವ ವಸ್ತುಗಳ ಮೇಲೂ ರೂಮಿಯ ಹೆಸರಲ್ಲೇ ಇದೆ. ಆದರೆ ಅದು ರೂಮಿಗಿಂತ ಎರಡು ಶತಮಾನ ಹಿಂದಿನ ಅಬೂ ಸಯೀದ್ ಹೆಸರಿನ ಸಂಗ್ರಹಗಳಲ್ಲಿ ಸಿಗುತ್ತದೆ. ಅದರ ಮೊದಲ ಪದವೂ ‘ಬಾ’ ಅಲ್ಲ, ‘ಮರಳಿ ಬಾ’. ನೂರು ಸಲ ತೌಬಾ ಮುರಿದಿದ್ದರೂ ಮರಳು ಎಂದು ಮುಗಿಯುತ್ತದೆ. ಪಶ್ಚಾತ್ತಾಪದ ಕರೆ ಈಗ ಎಲ್ಲರಿಗೂ ಸ್ವಾಗತ ಎಂಬ ಬೋರ್ಡಾಗಿದೆ.

ಯಾರ ವಾದ ಏನು

ಆಕ್ಷೇಪ ಎತ್ತುವವರ ಮುಖ್ಯ ಮಾತು ಪಾಂಡಿತ್ಯದ್ದಲ್ಲ, ಕಾಲದ್ದು. 2001ರ ನಂತರ ಅಮೆರಿಕದಲ್ಲಿ ಮುಸ್ಲಿಮರನ್ನು ಅನುಮಾನದಿಂದ ನೋಡಿದ ದಿನಗಳಲ್ಲೇ ಒಬ್ಬ ಮುಸ್ಲಿಂ ಪಂಡಿತ ಅಲ್ಲಿನ ಪ್ರೀತಿಯ ಕವಿಯಾಗಿದ್ದ. ಓದುಗರಿಗೆ ಅದು ಗೊತ್ತಿದ್ದರೆ ಏನಾದರೂ ಬದಲಾಗುತ್ತಿತ್ತೇನೋ. ಗೊತ್ತಾಗದಂತೆ ಮಾಡಿದ್ದರಿಂದ ಒಳ್ಳೆಯ ಮಾತೆಲ್ಲ ‘ಅಧ್ಯಾತ್ಮ’ದ ಖಾತೆಗೆ, ಕೆಟ್ಟದ್ದೆಲ್ಲ ‘ಇಸ್ಲಾಂ’ ಖಾತೆಗೆ ಜಮೆಯಾಯಿತು ಎಂಬುದು ಅವರ ದೂರು. 2016ರಲ್ಲಿ ರೂಮಿಯ ಮೇಲಿನ ಹಾಲಿವುಡ್ ಸಿನಿಮಾಕ್ಕೆ ಲಿಯೊನಾರ್ಡೊ ಡಿಕಾಪ್ರಿಯೊ ಬೇಕು ಎಂದು ಚಿತ್ರಕಥೆಗಾರರು ಹೇಳಿದಾಗ ಎದ್ದ ಸಿಟ್ಟಿನ ಹಿಂದೆ ಇರುವುದೂ ಇದೇ.

ಬಾರ್ಕ್ಸ್ ಕಡೆಯ ವಾದವೂ ಸುಲಭಕ್ಕೆ ತಳ್ಳಿಹಾಕುವಂಥದ್ದಲ್ಲ. ತಮಗೆ ಪರ್ಷಿಯನ್ ಬರುತ್ತದೆ ಅಂತ ಅವರು ಎಂದೂ ಸುಳ್ಳು ಹೇಳಿಲ್ಲ. ಧರ್ಮಗಳ ಹೆಸರಲ್ಲಿ ಇಷ್ಟು ಜಗಳ ನಡೆಯುವಾಗ ಅದರಾಚೆಗಿನದ್ದನ್ನು ಹಿಡಿಯಬೇಕು ಎಂಬುದು ಅವರ ನಿಲುವು. ಟೆಹರಾನ್ ವಿಶ್ವವಿದ್ಯಾಲಯವೇ 2006ರಲ್ಲಿ ಅವರಿಗೆ ಗೌರವ ಡಾಕ್ಟರೇಟ್ ಕೊಟ್ಟಿತು. ಅವರ ರೂಮಿ ಗೆದ್ದದ್ದರಿಂದಲೇ ಬೇರೆ ರೂಮಿಗಳಿಗೂ ಗಿರಾಕಿ ಹುಟ್ಟಿದರು. ಆಫ್ಘಾನಿಸ್ತಾನದಲ್ಲಿ ಹುಟ್ಟಿದ ಜಾವಿದ್ ಮೊಜದ್ದೆದಿ 2004ರಿಂದ ಮಸ್ನವಿಯನ್ನು ಪ್ರಾಸಬದ್ಧ ಇಂಗ್ಲಿಷಿನಲ್ಲಿ ಸಂಪುಟ ಸಂಪುಟವಾಗಿ ತರುತ್ತಾ ಬಂದಿದ್ದಾರೆ. ಇರಾನಿ ಮೂಲದ ಹಾಲೆ ಲೀಜಾ ಗಫೂರಿಯವರ ‘ಗೋಲ್ಡ್’ 2022ರಲ್ಲಿ ಬಂತು. ಈಗ ಭಾಷೆ ಬಲ್ಲ ಕವಿಗಳೇ ಅನುವಾದಕ್ಕೆ ಇಳಿದಿದ್ದಾರೆ.

ನನಗನ್ನಿಸುವುದು ಇಷ್ಟು. ತಪ್ಪು ನಡೆದಿರುವುದು ಮುಖಪುಟದಲ್ಲಿ. ಬಾರ್ಕ್ಸ್ ಬರೆದದ್ದು ಚೆನ್ನಾದ ಅಮೆರಿಕನ್ ಕವಿತೆಗಳು, ಎಮರ್ಸನ್-ವಿಟ್ಮನ್ ಮನೆತನದವು, ರೂಮಿಯಿಂದ ಕಿಡಿ ಹೊತ್ತಿಸಿಕೊಂಡವು. ‘ರೂಮಿಯನ್ನು ಓದಿ ಬರೆದದ್ದು’ ಅಂತ ತಮ್ಮ ಹೆಸರು ದೊಡ್ಡದಾಗಿ ಹಾಕಿಕೊಂಡಿದ್ದರೆ ಈ ಜಗಳದ ಅರ್ಧ ಇರುತ್ತಲೇ ಇರಲಿಲ್ಲ. ಆದರೆ ಹಾಗೆ ಹಾಕಿದ್ದರೆ ಪುಸ್ತಕ ಅಷ್ಟು ಮಾರಾಟವಾಗುತ್ತಿತ್ತೇ? ಏಳುನೂರು ವರ್ಷ ಹಳೆಯ ಸಂತನ ಹೆಸರಿಗಿರುವ ಬೆಲೆ ಜಾರ್ಜಿಯಾದ ಮೇಷ್ಟರ ಹೆಸರಿಗಿಲ್ಲ.

ಒಂದು ಅಂಕಿತದ ಬೆಲೆ

ದೂರದ ಜಗಳ ಅನ್ನಿಸಿದರೆ ನಮ್ಮ ಕಡೆ ನೋಡಿ. ಮಾತೆ ಮಹಾದೇವಿಯವರು ‘ಬಸವ ವಚನ ದೀಪ್ತಿ’ಯಲ್ಲಿ ಬಸವಣ್ಣನವರ ‘ಕೂಡಲಸಂಗಮದೇವ’ ಅಂಕಿತವನ್ನು ‘ಲಿಂಗದೇವ’ ಎಂದು ಬದಲಿಸಿದರು. ಭಾಷೆ ಅದೇ, ವಚನ ಅದೇ, ಬದಲಾದದ್ದು ಒಂದು ಹೆಸರು. ಅದಕ್ಕೇ ರಾಜ್ಯದಲ್ಲಿ ದೊಡ್ಡ ಗದ್ದಲವಾಯಿತು. 1998ರಲ್ಲಿ ಸರ್ಕಾರ ಪುಸ್ತಕವನ್ನು ಮುಟ್ಟುಗೋಲು ಹಾಕಿತು, 2017ರಲ್ಲಿ ಸುಪ್ರೀಂ ಕೋರ್ಟ್ ಆ ಆದೇಶವನ್ನು ಎತ್ತಿಹಿಡಿಯಿತು. ಪುಸ್ತಕ ಮುಟ್ಟುಗೋಲು ಹಾಕುವುದು ಸರಿಯೇ ಎಂಬುದು ಬೇರೆ ಪ್ರಶ್ನೆ. ಒಂದು ಪದಕ್ಕೆ ನಾವು ಎಷ್ಟು ನೊಂದುಕೊಂಡೆವು ಅನ್ನೋದು ಇಲ್ಲಿ ಮುಖ್ಯ. ‘ಕುಫ್ರ್, ಇಸ್ಲಾಂ’ ಎರಡೂ ಹೋದಾಗ ಆ ಸಂಪ್ರದಾಯದವರಿಗೆ ಏನನ್ನಿಸಿರಬಹುದು ಎಂದು ಊಹಿಸಲು ಇದಕ್ಕಿಂತ ಹತ್ತಿರದ ದಾರಿ ಇಲ್ಲ.

ಭಾಷೆ ಗೊತ್ತಿದ್ದರೆ ಎಲ್ಲ ಸರಿಹೋಗುತ್ತದೆ ಅನ್ನೋದೂ ಸುಳ್ಳು. ಎ.ಕೆ. ರಾಮಾನುಜನ್ ಅವರಿಗೆ ಕನ್ನಡ ಬರುತ್ತಿತ್ತು ಅಂತ ಹೇಳಬೇಕೇ? 1973ರ ‘ಸ್ಪೀಕಿಂಗ್ ಆಫ್ ಶಿವ’ದಲ್ಲಿ ಅವರು ಅಂಕಿತಗಳನ್ನೂ ಇಂಗ್ಲಿಷಿಗೆ ಬಿಡಿಸಿದರು. ಕೂಡಲಸಂಗಮದೇವ ‘ಹೊಳೆಗಳು ಕೂಡುವಲ್ಲಿನ ಒಡೆಯ’ನಾದ, ಚೆನ್ನಮಲ್ಲಿಕಾರ್ಜುನ ‘ಮಲ್ಲಿಗೆ ಬಿಳುಪಿನ ಒಡೆಯ’ನಾದ. ಇಂಗ್ಲಿಷಿನಲ್ಲಿ ಸೊಗಸಾಗಿದೆ. ಆದರೆ ಕೂಡಲಸಂಗಮ ಎಂಬ ಊರು, ಶ್ರೀಶೈಲದ ಗುಡಿ ಕಾಣದಾದವು. ಮುನ್ನುಡಿಯಲ್ಲಿ ಶರಣರನ್ನು ಯುರೋಪಿನ ಪ್ರಾಟೆಸ್ಟೆಂಟರಿಗೆ ಹೋಲಿಸಿದ್ದನ್ನು ತೇಜಸ್ವಿನಿ ನಿರಂಜನ 1992ರ ತಮ್ಮ ಪುಸ್ತಕದಲ್ಲಿ ಕಟುವಾಗಿ ಪ್ರಶ್ನಿಸಿದರು. ಅಮೆರಿಕದ ಕವಿ ಜೇನ್ ಹರ್ಷ್‌ಫೀಲ್ಡ್ 1994ರಲ್ಲಿ ತಂದ ಸಂಕಲನದಲ್ಲಿ ಅಕ್ಕಮಹಾದೇವಿಯೂ ಇದ್ದಾಳೆ. ಹೀಗೆ ಅಕ್ಕ ಕೂಡ ರೂಮಿಯ ದಾರಿ ಹಿಡಿದು ಹೊರಟಾಗಿದೆ.

ಕನ್ನಡಕ್ಕೆ ಯಾವ ಬಾಗಿಲಿಂದ

ಮುಂದೆ ಏನಾಗಬಹುದು? ಗಲಿಬಿಲಿ ಜಾಸ್ತಿಯೇ ಆಗುತ್ತದೆ. ಎಐ ಚಾಟ್‌ಬಾಟ್‌ಗಳು ಕಲಿಯುವುದು ಇಂಟರ್ನೆಟ್ಟಿನಲ್ಲಿ ಇರುವುದನ್ನು ಓದಿ. ಅಲ್ಲಿ ಹುಸಿ ಹಫೀಜನೇ ಸಾವಿರ ಸಲ ಇದ್ದರೆ, ಕೇಳಿದವರಿಗೆ ಸಿಗುವುದೂ ಅವನೇ. ಅದನ್ನು ಯಾರೋ ಕನ್ನಡಕ್ಕೆ ತಿರುಗಿಸಿದರೆ, ಮೂರು ಕೈ ದಾಟಿದ ಮಾತಿಗೆ ನಾಲ್ಕನೇ ಕೈ ಸೇರುತ್ತದೆ. ಮಧ್ಯದ ಹೆಸರುಗಳು ಒಂದೊಂದಾಗಿ ಉದುರುತ್ತವೆ. ಕೊನೆಗೆ ‘ರೂಮಿ’ ಮಾತ್ರ ಉಳಿಯುತ್ತದೆ.

ಕನ್ನಡದ ಅನುವಾದಕರಿಗೆ ಇದರಲ್ಲಿ ಕಾನೂನಿನ ತೊಡಕೂ ಇದೆ, ಬಹಳ ಜನ ಗಮನಿಸುವುದಿಲ್ಲ. ರೂಮಿಗೆ ಕಾಪಿರೈಟ್ ಇಲ್ಲ, ಆದರೆ ಬಾರ್ಕ್ಸ್ ಇಂಗ್ಲಿಷಿಗೆ ಇದೆ. ಅವರ ಪಠ್ಯವನ್ನು ಕನ್ನಡಕ್ಕೆ ತಂದು ಪುಸ್ತಕ ಮಾಡಲು ಅನುಮತಿ ಬೇಕು. ನಿಕಲ್ಸನ್ ತೀರಿಕೊಂಡದ್ದು 1945ರಲ್ಲಿ. ನಮ್ಮ ಕಾಯ್ದೆಯ ಪ್ರಕಾರ ಲೇಖಕ ಸತ್ತು 60 ವರ್ಷವಾದ ಮೇಲೆ ಹಕ್ಕು ಮುಗಿಯುತ್ತದೆ. ಹಾಗಾಗಿ 2006ರಿಂದ ಅವರ ಮಸ್ನವಿ ಇಲ್ಲಿ ಎಲ್ಲರ ಸೊತ್ತು. ಅದರಲ್ಲಿ ಪ್ರತಿ ದ್ವಿಪದಿಗೂ ಸಂಖ್ಯೆ ಇದೆ. ಮಸ್ನವಿಯದು ಎನ್ನುವ ಮಾತಿಗೆ ಸಂಪುಟ ಮತ್ತು ದ್ವಿಪದಿಯ ಸಂಖ್ಯೆ ಕೊಡಲಾಗದಿದ್ದರೆ ಅನುಮಾನ ಪಡುವುದೇ ಕ್ಷೇಮ. ಪರ್ಷಿಯನ್ ಮೂಲವೂ ‘ಗಂಜೂರ್’ ಜಾಲತಾಣದಲ್ಲಿ ಪುಕ್ಕಟೆ ಸಿಗುತ್ತದೆ. ಉರ್ದು ಬಲ್ಲವರೊಬ್ಬರು ಪಕ್ಕದಲ್ಲಿ ಕೂತರೆ ಅರ್ಧ ಪದಗಳು ಬಿಡಿಸಿಕೊಳ್ಳುತ್ತವೆ. ಅಂಥವರು ಕಲಬುರಗಿಯಲ್ಲೋ ಬೀದರಿನಲ್ಲೋ ಹುಡುಕುವಷ್ಟು ಅಪರೂಪವೇನಲ್ಲ.

ಆ ರುಬಾಯಿಗೆ ವಾಪಸ್ ಹೋಗೋಣ. ಇಂಗ್ಲಿಷಿನಿಂದ ಬಂದರೆ ಕನ್ನಡದಲ್ಲಿ ‘ಹೊಲ’ ಅನ್ನಬೇಕಾಗುತ್ತದೆ. ಹೊಲ ಅಂದ ತಕ್ಷಣ ನಮಗೆ ಬದು, ಬೆಳೆ, ಪಹಣಿ ನೆನಪಾಗುತ್ತವೆ. ಅನುಭಾವ ಅಲ್ಲಿ ನಿಲ್ಲುವುದಿಲ್ಲ. ಸಹರಾದಿಂದ ಬಂದರೆ ಬೇರೆ ಪದ ಎದುರಾಗುತ್ತದೆ. ಮರಗಿಡವಿಲ್ಲದ, ಗಡಿಯಿಲ್ಲದ, ಕಣ್ಣು ಹಾಯುವಷ್ಟು ತೆರೆದ ಜಾಗ, ಅದೇ ಹೊತ್ತಿಗೆ ಏನೂ ಇಲ್ಲದಿರುವಿಕೆ. ಅಲ್ಲಮ ಎಂಟುನೂರು ವರ್ಷದ ಹಿಂದೆಯೇ ಪಳಗಿಸಿಟ್ಟ ‘ಬಯಲು’. ರುಬಾಯಿಯ ಕೊನೆಯ ಸಾಲು ‘ಅಲ್ಲಿ ಕುಫ್ರೂ ಇಲ್ಲ, ಇಸ್ಲಾಮೂ ಇಲ್ಲ, ಜಾಗವೂ ಇಲ್ಲ’ ಎನ್ನುತ್ತದೆ. ಜಾಗವೇ ಇಲ್ಲದ ಜಾಗ ಅನ್ನೋದನ್ನು ಇಂಗ್ಲಿಷಿನ ಹುಲ್ಲು ಹೊರಲಾರದು, ನಮ್ಮ ಬಯಲು ಹೊರುತ್ತದೆ.

ಉಳಿಯುವ ಕಷ್ಟ ಮೂರನೇ ಸಾಲಿನದು. ಅರಿತವನು ಅಲ್ಲಿಗೆ ಬಂದಾಗ ‘ತಲೆ ಇಡುತ್ತಾನೆ’ ಎಂದಿದೆ. ಮಲಗಲು ತಲೆ ಇಡುವುದೂ ಹೌದು, ನೆಲಕ್ಕೆ ಹಣೆ ಹಚ್ಚುವ ಸಜ್ದಾ ಕೂಡ ಹೌದು. ಬಾರ್ಕ್ಸ್ ಮಲಗಿಸಿದರು. ‘ಅರಿತವ ಅಲ್ಲಿ ತಲೆಯೂರುವ’ ಎಂದರೆ ಕನ್ನಡದಲ್ಲಿ ಎರಡೂ ಉಳಿಯಬಹುದು. ‘ಹಣೆ ಹಚ್ಚುವ’ ಎಂದರೆ ಒಂದೇ ಉಳಿಯುತ್ತದೆ.